ಆಮೋಸನ ಏಳನೇ ಅಧ್ಯಾಯ

ಚಾಮರಾಜಪೇಟೆ, ಬೆಂಗಳೂರು
೧೯ ಮಾರ್ಚ್ ೧೯೯೮

ನನ್ನ ಆಂಡಾಳು,

ಸಂಕ್ರಾಂತಿಗೆ ಎಳ್ಳಿನ ಪೊಟ್ಟಣದ ಜೊತೆ ನೀನು ಕಳಿಸಿದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು. ಎಳ್ಳು ಮಾತ್ರ ಬಂದ ದಿನವೇ ಮುಗಿಯಿತು. ಮೈಸೂರು ಒಗ್ಗಿತಾ? ನಿಮ್ಮ ಯಜಮಾನರ ಮಂಡಿನೋವು ಹೇಗಿದೆ? ಮಲ್ಲೇಶ್ವರದ ಕಡೆ ಹೋದಾಗಲೆಲ್ಲ ನಾವಿಬ್ಬರೂ ಪಾಠ ಮಾಡಿದ ಸ್ಕೂಲಿನ ಗೇಟು ನೋಡಿ ನಿನ್ನನ್ನು ನೆನೆಸಿಕೊಳ್ಳುತ್ತೇನೆ.

ಫೋನು ಮಾಡಬಹುದಿತ್ತು. ಆದರೆ ಫೋನಿರುವುದು ಹಾಲಿನಲ್ಲಿ, ಇವರು ಕೂರುವುದೂ ಹಾಲಿನಲ್ಲಿ. ಕಣ್ಣು ಹೋದ ಮೇಲೆ ಇವರ ಕಿವಿ ಎಷ್ಟು ಚುರುಕಾಗಿದೆ ಅಂದರೆ, ನಾನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಮುಟ್ಟಿದರೆ ಅಲ್ಲಿಂದಲೇ "ನನಗೆ ಅರ್ಧ ಚಮಚ ಸಾಕು" ಅನ್ನುತ್ತಾರೆ. ಹೌದು ಕಣೇ, ಕಣ್ಣು ಹೋಯಿತು. ಗ್ಲಾಕೋಮಾ ಅಂದರು, ಆಪರೇಷನ್ ಮಾಡಿದರು, ಉಳಿಯಲಿಲ್ಲ. ಕಿಟಕಿ ಯಾವ ಕಡೆ ಇದೆ ಅನ್ನುವಷ್ಟು ಬೆಳಕು ಮಾತ್ರ ತಿಳಿಯುತ್ತದೆ. ಅದರ ಬಗ್ಗೆ ಅವರೇನೂ ಗೊಣಗುವುದಿಲ್ಲ. ಶರ್ಟಿನ ಗುಂಡಿ ತಪ್ಪಾಗಿ ಹಾಕಿಕೊಂಡಾಗ ನಾನು ಸರಿಮಾಡಲು ಹೋದರೆ ಮಾತ್ರ ಕೈ ತಳ್ಳುತ್ತಾರೆ.

ಈಗ ನಮಗೆ ಲೆಂಟ್. ನಿನಗೆ ಗೊತ್ತೇ ಇದೆ, ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತ. ಬೇರೆ ಮನೆಗಳಲ್ಲಿ ಮಾಂಸ ಬಿಡುತ್ತಾರೆ, ಕಾಫಿ ಬಿಡುತ್ತಾರೆ. ನಮ್ಮ ಮನೆಯಲ್ಲಿ ಅದರ ಜೊತೆಗೆ ದಿನಾ ಬೆಳಿಗ್ಗೆ ಪ್ರವಾದಿಗಳನ್ನು ಓದಬೇಕು. ಯೇಸುವಿಗಿಂತ ನೂರಾರು ವರ್ಷ ಮುಂಚೆ ಯೆಹೂದ್ಯರ ನಡುವೆ ಎದ್ದು ನಿಂತು, ರಾಜನಿಗೂ ಯಾಜಕನಿಗೂ ಹೆದರದೆ ಮಾತಾಡಿದವರು ಅವರು. ಮದುವೆಯಾದ ವರ್ಷದಿಂದ ಇವರು ಓದುವುದು, ನಾವು ಚಾಪೆಯ ಮೇಲೆ ಕೂತು ಕೇಳುವುದು. ಒಂದು ಸಲ ನೀನು ಬೆಳ್ಳಂಬೆಳಿಗ್ಗೆ ಬಂದವಳು ಗೇಟಿನಲ್ಲೇ ನಿಂತು, "ಯಾರಿಗೇ ಬೈತಿದಾರೆ ನಿಮ್ಮ ಯಜಮಾನರು?" ಅಂತ ಕೇಳಿದ್ದೆಯಲ್ಲ! ಬಡವರ ಹೊಲ ಕಿತ್ತುಕೊಳ್ಳುವವರನ್ನು, ತಕ್ಕಡಿಯಲ್ಲಿ ಮೋಸ ಮಾಡುವವರನ್ನು ಬೈಯುವ ಭಾಗ ಬಂದರೆ ಅವರಿಗೆ ಎಲ್ಲಿಲ್ಲದ ಹುರುಪು.

ಈ ವರ್ಷ ಲೆಂಟ್ ಶುರುವಾಗುವ ಬೂದಿ ಬುಧವಾರ ಬೆಳಿಗ್ಗೆ ಸತ್ಯವೇದವನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಆಮೇಲೆ ನನ್ನ ಕಡೆ ನೀಡಿದರು. "ನೀನು ಓದು ಕೃಪಾ. ಮೊದಲಿಂದ ಕೊನೇವರೆಗೆ ಓದು. ಒಂದು ಸಾಲೂ ಬಿಡಬೇಡ. ದೇವರ ಮಾತಿನಲ್ಲಿ ನಮಗೆ ಬೇಕಾದ್ದು ಬೇಡವಾದ್ದು ಅಂತ ಆರಿಸಬಾರದು" ಅಂದರು. ಆ ಮಾತು ಅವರೇ ಹೇಳಿದ್ದು. ಅದನ್ನು ನೆನಪಿಡು.

ಮಗಳು ಸುಚೇತಾ ಮನೆ ಬಿಟ್ಟು ಹೋಗಿದ್ದು ಯಾಕೆ ಅಂತ ನಿನಗೆ ಪೂರ್ತಿ ಹೇಳಿಲ್ಲ. ನೀನೂ ಕೆದಕಿ ಕೇಳಲಿಲ್ಲ, ಅದು ನಿನ್ನ ದೊಡ್ಡತನ. ಈಗ ಹೇಳುತ್ತೇನೆ.

ನಮ್ಮ ಸಭೆಯವರು, ಅಂದರೆ ಚರ್ಚಿನವರು, ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ. ಹಳ್ಳಿಗಳಿಂದ ಬಂದ ಬಡ ಹುಡುಗಿಯರು ಅಲ್ಲಿದ್ದು ಸ್ಕೂಲಿಗೆ ಹೋಗುತ್ತಾರೆ. ವಾರ್ಡನ್ ಇವರ ಸ್ವಂತ ಅಕ್ಕ, ನನ್ನ ಅತ್ತಿಗೆ ಸುವಾರ್ತಮ್ಮ. ಹಾಸ್ಟೆಲ್ ಸಮಿತಿಗೆ ಅಧ್ಯಕ್ಷರು ಇವರೇ. ನಮ್ಮ ಸುಚಿ ಸಂಜೆ ಹೋಗಿ ಆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಅವರಲ್ಲಿ ಎಸ್ತೇರಿ ಅಂತ ಒಬ್ಬಳು, ಮಾಲೂರಿನ ಆಚೆಯ ಹಳ್ಳಿಯವಳು. ಕ್ರಿಸ್‌ಮಸ್ಸಿಗೆ ಮುಂಚೆ ಆ ಹುಡುಗಿಗೆ ಜ್ವರ ಬಂತು. ಹಬ್ಬಕ್ಕೆ ಹಾಸ್ಟೆಲಿಗೆ ಸುಣ್ಣ ಬಳಿದು, ತೊಳೆದು ಬಳಿದು ಮಾಡುವ ಕೆಲಸ. ಜ್ವರದ ಹುಡುಗಿಯೂ ಮಾಡಿದಳು. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಕೈ ಮೀರಿಹೋಗಿತ್ತು. ಹಬ್ಬದ ಮರುದಿನ ಸತ್ತಳು.

ದೇವಾಲಯದಲ್ಲೇ ನಡೆದ ಸಭೆಯ ವಾರ್ಷಿಕ ಕೂಟದಲ್ಲಿ ಹಾಸ್ಟೆಲಿನ ವರದಿ ಓದಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಸುಚಿ ಎದ್ದು ನಿಂತಳು. "ಎಸ್ತೇರಿ ಹೆಸರು ಈ ವರದೀಲಿ ಯಾಕಿಲ್ಲ?" ಅಂದಳು. ನಡೆದದ್ದನ್ನೆಲ್ಲ ಹೇಳಿದಳು, ಅತ್ತೆಯ ಹೆಸರು ಹಿಡಿದೇ ಹೇಳಿದಳು. ಇವರು ವೇದಿಕೆಯ ಮೇಲಿದ್ದರು. "ಕೂತ್ಕೋ" ಅಂದರು. ಅವಳು ಕೂರಲಿಲ್ಲ. ಆಗ ಇವರು, "ಇದು ದೇವರ ಮನೆ. ಇಲ್ಲಿ ಈ ಮಾತು ಬೇಡ. ಎದ್ದು ಹೋಗು. ಎಲ್ಲಾದ್ರೂ ಹೋಗಿ ನಿನ್ನ ಅನ್ನ ನೀನು ದುಡ್ಕೊಂಡು ತಿನ್ನು, ಅಲ್ಲಿ ಬೇಕಾದಷ್ಟು ಮಾತಾಡು" ಅಂದರು. ಅಷ್ಟು ಜನರ ಎದುರಿಗೆ. ಅವಳು ಹಾಗೇ ಮಾಡಿದಳು. ಮೂರು ವರ್ಷವಾಯಿತು, ಸಂಪಿಗೆ ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಮಾಡಿಕೊಂಡು, ಟೀಚರ್ ಕೆಲಸ ಮಾಡಿಕೊಂಡು ಇದ್ದಾಳೆ. ಪ್ರತಿ ಶನಿವಾರ ನಾನು ಹೋಗಿ ನೋಡಿ ಬರುತ್ತೇನೆ. ಎಲ್ಲಿಗೆ ಹೊರಟೆ ಅಂತ ಇವರು ಕೇಳುವುದಿಲ್ಲ. ಆದರೆ ನಾನು ಬಂದ ಮೇಲೆ ಚಪ್ಪಲಿ ಬಿಡುವ ಸದ್ದಿಗೆ ರೇಡಿಯೋ ಆರಿಸಿ, ನಾನೇನಾದರೂ ಹೇಳುತ್ತೇನೋ ಅಂತ ಕಾಯುತ್ತಾರೆ.

ಸರಿ, ಓದಿನ ವಿಷಯ. ಕಳೆದ ಗುರುವಾರ ಆಮೋಸನ ಏಳನೇ ಅಧ್ಯಾಯಕ್ಕೆ ಬಂದೆವು. ಕುರಿ ಕಾಯುತ್ತ, ಅತ್ತಿಮರ ನೋಡಿಕೊಳ್ಳುತ್ತ ಇದ್ದವನು ಆಮೋಸ. ದೇವರು ಕಳಿಸಿದ ಅಂತ ಬೇತೇಲ್ ಅನ್ನುವ ಊರಿಗೆ ಹೋಗಿ ಅಲ್ಲಿನ ಗುಡಿಯಲ್ಲೇ ನಿಂತು, ಬಡವರನ್ನು ತುಳಿದು ದೇವರಿಗೆ ಹಾಡು ಹಾಡುತ್ತೀರಲ್ಲ ಅಂತ ಕೇಳುತ್ತಾನೆ. ಆಗ ಅಲ್ಲಿಯ ಯಾಜಕ ಅಮಚ್ಯ ಬಂದು ಅವನನ್ನು ಓಡಿಸುತ್ತಾನೆ. ಇವರು ಪ್ರತಿ ವರ್ಷ ಓದುವಾಗ ಆಮೋಸನ ಮಾತಿಗೆ ಗಂಟಲೆತ್ತರಿಸುತ್ತಿದ್ದರು, ಯಾಜಕನ ಮಾತನ್ನು ಸರಸರ ಓದಿ ಮುಗಿಸುತ್ತಿದ್ದರು. ನನಗೆ ಹಾಗೆಲ್ಲ ಓದಲು ಬರುವುದಿಲ್ಲ. ಕ್ಲಾಸಿನಲ್ಲಿ ಡಿಕ್ಟೇಷನ್ ಕೊಡುವ ಹಾಗೆ ನಿಧಾನವಾಗಿ ಓದುತ್ತಿದ್ದೆ. ಯಾಜಕ ಹೇಳುತ್ತಾನೆ: ಇಲ್ಲಿಂದ ಹೋಗು, ನಿನ್ನ ಊರಲ್ಲಿ ಅನ್ನ ದುಡಿದು ತಿನ್ನು, ಅಲ್ಲಿ ಬೇಕಾದ್ದು ಹೇಳು, ಇದು ರಾಜನ ಗುಡಿ, ಇಲ್ಲಿ ಮಾತಾಡಬೇಡ.

ಓದಿದ ಮೇಲೆ ನನಗೇ ಕೇಳಿಸಿತು ಆಂಡಾಳು. ನನ್ನ ಕೈ ಪುಟದ ಮೇಲೆ ನಿಂತುಬಿಟ್ಟಿತು.

"ಯಾಕೆ ನಿಲ್ಲಿಸಿದೆ?" ಅಂದರು.

ಅವರಿಗೂ ಕೇಳಿಸಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಇವತ್ತಿಗೆ ಇದು ಸಾಕು. ಯೆಶಾಯ ಪ್ರವಾದಿಯ ಪುಸ್ತಕದಲ್ಲಿ ಸಮಾಧಾನದ ಭಾಗ ಇದೆಯಲ್ಲ, ಅದನ್ನ ಓದು" ಅಂದರು.

"ಇಲ್ಲ. ಒಂದು ಸಾಲೂ ಬಿಡಬೇಡ ಅಂತ ಹೇಳಿದೋರು ನೀವು" ಅಂದೆ.

"ಕೃಪಾ, ನನಗೆ ಪಾಠ ಮಾಡಬೇಡ."

"ನಾನು ಪಾಠ ಮಾಡ್ತಿಲ್ಲ, ಬರೆದದ್ದನ್ನ ಓದ್ತಿದೀನಿ."

ಎದ್ದರು. ಗೋಡೆ ಹಿಡಿದುಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಖಾಲಿ ಕುರ್ಚಿಗೆ ಅಧ್ಯಾಯ ಮುಗಿಸಿದೆ. ಮರುದಿನ ಬೆಳಿಗ್ಗೆ ಕೂತರು, ನಾನು ಮತ್ತೆ ಅದೇ ಏಳನೇ ಅಧ್ಯಾಯ ತೆಗೆದೆ. ಎದ್ದು ಹೋದರು. ಅದರ ಮರುದಿನವೂ ಅದೇ. ಈಗ ವಾರವಾಯಿತು. ನನ್ನ ಜೊತೆ ಮಾತಿಲ್ಲ. "ಕಾಫಿ" ಅಂತ ಒಂದು ಪದ, "ಕೋಲು" ಅಂತ ಒಂದು ಪದ, ಅಷ್ಟೇ. ಆದರೂ ಬೆಳಿಗ್ಗೆಯಾದರೆ ಬಂದು ಕೂರುತ್ತಾರೆ ನೋಡು, ಅದೇ ನನಗೆ ಧೈರ್ಯ. ಅವರು ಆ ಅಧ್ಯಾಯವನ್ನು ಪೂರ್ತಿ ಕೂತು ಕೇಳುವವರೆಗೆ ನಾನು ಎಂಟನೆಯದಕ್ಕೆ ಹೋಗುವುದಿಲ್ಲ. ಈಸ್ಟರ್ ಬಂದು ಹೋದರೂ ಸರಿಯೇ.

ಗೇಟು ಸದ್ದಾಯಿತು. ಅತ್ತಿಗೆ ಬಂದ ಹಾಗಿದೆ. ಇಲ್ಲಿಗೇ ನಿಲ್ಲಿಸಿ ಅಂಚೆಗೆ ಹಾಕುತ್ತೇನೆ.

ನಿನ್ನ,
ಕೃಪಾವತಿ


ಚಾಮರಾಜಪೇಟೆ
೨೨ ಏಪ್ರಿಲ್ ೧೯೯೮

ಪ್ರೀತಿಯ ಆಂಡಾಳು,

ನಿನ್ನ ಕಾಗದ ಬಂದ ಕೂಡಲೇ ಬರೆಯಬೇಕಾಗಿತ್ತು, ಇಲ್ಲಿ ಕೂರಲೂ ಪುರುಸೊತ್ತಿರಲಿಲ್ಲ. "ಬಿ.ಪಿ. ಇರೋ ಮನುಷ್ಯ, ಅವರ ಜೊತೆ ಹಠ ಬೇಡ ಕಣೇ, ನಿಧಾನಕ್ಕೆ ಹೇಳು" ಅಂತ ಬರೆದಿದ್ದೀಯ. ನೀನು ಹೇಳಿದ ಹಾಗೆ ಕೇಳದೇ ಇದ್ದುದಕ್ಕೆ ಕ್ಷಮಿಸು. ಏನಾಯಿತು ಅಂತ ಮೊದಲಿನಿಂದ ಹೇಳುತ್ತೇನೆ.

ಅವತ್ತು ಬಂದವರು ಅತ್ತಿಗೆಯೇ. ಹಾಲಿನಲ್ಲಿ ಕೂತು, ಅದೂ ಇದೂ ಮಾತಾಡಿ, ಕೊನೆಗೆ ತಮ್ಮನ ಮುಖ ನೋಡಿ, "ಏನಾಗಿದೆಯೋ ನಿನಗೆ? ಅರ್ಧ ಇಳಿದುಹೋಗಿದೀಯ" ಅಂದರು. ಇವರು ಕೋಲನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು:

"ಅಕ್ಕಾ, ಆ ಹುಡುಗಿಗೆ ಜ್ವರ ಬಂದಾಗ ನಿಂಗೆ ಗೊತ್ತಿತ್ತಾ?"

ಮೂರು ವರ್ಷದಲ್ಲಿ ಆ ಹುಡುಗಿಯ ವಿಷಯ ಅವರು ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು.

ಅತ್ತಿಗೆ ನನ್ನ ಕಡೆ ತಿರುಗಿ, "ನೀನು ಕಿವಿ ಊದ್ತಿದೀಯಾ?" ಅಂದರು.

"ಅವಳು ಓದ್ತಿದಾಳೆ ಅಷ್ಟೆ" ಅಂದರು ಇವರು. "ನೀನು ಹೇಳು."

ಅತ್ತಿಗೆ ಕೂಗಾಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಸೆರಗಿನ ಅಂಚು ಹಿಡಿದುಕೊಂಡು ಹೇಳಿದರು. "ಗೊತ್ತಿತ್ತು. ಮೈ ಸುಡ್ತಿತ್ತು. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಅನ್ಸಿತ್ತು. ಅದರ ಹಿಂದಿನ ತಿಂಗಳು ಇನ್ನೊಂದು ಮಗೂನ ಕರ್ಕೊಂಡು ಹೋಗಿದ್ದೆ, ಏನೂ ಇರ್ಲಿಲ್ಲ, ಬರೀ ಶೀತ. ಸಮಿತೀಲಿ ನೀನೇ ಎಲ್ಲರ ಮುಂದೆ, ಇಷ್ಟಕ್ಕೆಲ್ಲ ಆಸ್ಪತ್ರೆಗೆ ಓಡಬೇಕಾ ಅಂತ ಕೇಳ್ದೆ. ನನಗೆ ಅವಮಾನ ಆಯ್ತು. ಈ ಸಲ ನೋಡೋಣ, ಇನ್ನೊಂದು ದಿನ ನೋಡೋಣ ಅಂತ ಇದ್ದುಬಿಟ್ಟೆ." ಆಮೇಲೆ, "ಅವಳು ಒಂದ್ಸಲ ನೀರು ಕೇಳಿದ್ಲು. ಕೊಟ್ಟೆ ಕಣೋ. ಕೊಡದೇ ಏನೂ ಇರ್ಲಿಲ್ಲ" ಅಂತ ಅತ್ತುಬಿಟ್ಟರು.

ಎಷ್ಟೋ ದಿನ ಮನಸ್ಸಿನಲ್ಲಿ ಬೈದುಕೊಂಡವಳು ನಾನು. ಆ ಹೊತ್ತಿನಲ್ಲಿ ಅವರ ಬೆನ್ನ ಮೇಲೆ ಕೈ ಇಡದೆ ಇರಲು ಆಗಲಿಲ್ಲ. ಹಾಗಂತ ಅವರು ಮಾಡಿದ್ದು ಸರಿ ಅಂತ ನಾನು ಅನ್ನುವುದಿಲ್ಲ. ಅವತ್ತೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಇವರು ಬಂದು ಕೂತರು. ಏಳನೇ ಅಧ್ಯಾಯ ತೆಗೆದೆ. ಏಳಲಿಲ್ಲ. ಪೂರ್ತಿ ಕೇಳಿದರು. ಮುಗಿದ ಮೇಲೆ, "ಇಷ್ಟು ವರ್ಷ ನಾನೇ ಆಮೋಸ ಅಂತ ಅಂದ್ಕೊಂಡು ಓದ್ದೆ ನೋಡು" ಅಂದರು. ಎಂಟನೆಯದಕ್ಕೆ ಹೋದೆವು.

ನಮ್ಮಲ್ಲಿ ಶುಭ ಶುಕ್ರವಾರ ಮಧ್ಯಾಹ್ನ ದೊಡ್ಡ ಆರಾಧನೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಜನ ಮಾತಾಡುತ್ತಾರೆ. ಐದನೆಯ ಮಾತು, ನೀರಡಿಕೆಯಾಗಿದೆ ಅನ್ನುವುದು, ಬಹಳ ವರ್ಷದಿಂದ ಇವರ ಪಾಲು. ಈ ಸಲ ನಾನು ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಏನು ಮಾತಾಡುತ್ತೀರಿ ಅಂತ ನಾನು ಕೇಳಿರಲಿಲ್ಲ. ದೇವಾಲಯ ತುಂಬಿ, ಹೊರಗೆ ಶಾಮಿಯಾನದ ಕೆಳಗೂ ಜನ.

"ಎಸ್ತೇರಿ ಅಂತ ಒಂದು ಮಗು ನಮ್ಮ ಹಾಸ್ಟೆಲಿನಲ್ಲಿ ಜ್ವರದಲ್ಲಿ ನೀರು ಕೇಳಿತು" ಅಂತ ಶುರುಮಾಡಿದರು. ಅಕ್ಕನ ಹೆಸರು ಎತ್ತಲಿಲ್ಲ. ತಮ್ಮದೇ ಹೆಸರು ಹೇಳಿದರು. ಆಸ್ಪತ್ರೆಗೆ ಓಡಿದರೆ ಮಾತು ಕೇಳಬೇಕು ಅನ್ನುವ ಹೆದರಿಕೆಯನ್ನು ಆ ಹಾಸ್ಟೆಲಿನೊಳಗೆ ಇಟ್ಟವನು ನಾನು ಅಂದರು. "ನನ್ನ ಮಗಳು ಇದೇ ಜಾಗದಲ್ಲಿ ನಿಂತು ನಿಜ ಹೇಳಿದಳು. ನಾನು ಅವಳನ್ನ ಹೊರಗೆ ಹಾಕಿದೆ. ನೀವು ಸುಮ್ಮನೆ ಕೂತಿದ್ದಿರಿ."

ಮುಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಇವರ ಹೆಸರು ಹಿಡಿದು, "ಅಪ್ಪಯ್ಯನವರೇ, ಇವತ್ತು ಶುಭ ಶುಕ್ರವಾರ. ಇದನ್ನ ಸಮಿತೀಲಿ ಮಾತಾಡೋಣ, ಇದು ಜಾಗ ಅಲ್ಲ" ಅಂದರು.

"ಇದೇ ಜಾಗ" ಅಂದರು ಇವರು. ಅಷ್ಟು ಹೇಳಿ ಕೈ ಚಾಚಿದರು, ನಾನು ಹೋಗಿ ಹಿಡಿದುಕೊಂಡೆ. ಮೆಟ್ಟಿಲಿಳಿಸಿ ಕರೆದುಕೊಂಡು ಬಂದೆ.

ಆಮೇಲಿನದು ಸುಲಭವಾಗಿರಲಿಲ್ಲ. ಮನೆಗೆ ಬಂದು ಬೈದವರಿದ್ದಾರೆ. ಈಸ್ಟರ್ ದಿನ ಹಬ್ಬದ ಶುಭಾಶಯ ಹೇಳದೆ ಮುಖ ತಿರುಗಿಸಿ ಹೋದವರಿದ್ದಾರೆ. ನಮ್ಮ ಪಾದ್ರಿಗಳು, ಸಭಾಪಾಲಕರು ಮಾತ್ರ ಗಟ್ಟಿಯಾಗಿ ನಿಂತರು. ಇವರು ಅಧ್ಯಕ್ಷಗಿರಿ ಬಿಟ್ಟರು. ಅತ್ತಿಗೆ ತಾವಾಗಿಯೇ ಕೆಲಸ ಬಿಟ್ಟು ಬಂದು ಈಗ ನಮ್ಮ ಮನೆಯ ಹಿಂದಿನ ರೂಮಿನಲ್ಲಿದ್ದಾರೆ. ಹಾಸ್ಟೆಲಿಗೆ ವಾರಕ್ಕೊಮ್ಮೆ ಡಾಕ್ಟರ್ ಬರುವ ಹಾಗೆ ಆಗಿದೆ. ಯಾವ ಮಗುವಿಗೆ ಜ್ವರ ಬಂದರೂ ಯಾರನ್ನೂ ಕೇಳದೆ ಆಸ್ಪತ್ರೆಗೆ ಒಯ್ಯಬಹುದು ಅಂತ ಬರವಣಿಗೆಯಲ್ಲಿ ಮಾಡಿಸಿದ್ದೇನೆ. ಹೌದು, ನಾನೇ ಮಾಡಿಸಿದ್ದು. ಸಮಿತಿಯಲ್ಲಿ ಒಂದು ಸ್ಥಾನ ಖಾಲಿ ಇತ್ತಲ್ಲ, ಕೇಳಿ ತೆಗೆದುಕೊಂಡೆ. "ನಿಮಗೆ ಯಾಕಮ್ಮಾ ಈ ವಯಸ್ಸಲ್ಲಿ" ಅಂದರು. ಈ ವಯಸ್ಸಲ್ಲೇ ಪುರುಸೊತ್ತಿರೋದು ಅಂದೆ.

ಈಸ್ಟರ್ ಆದ ವಾರದಲ್ಲೇ ಇವರನ್ನು ಕರೆದುಕೊಂಡು ಎಸ್ತೇರಿಯ ತಾಯಿಯ ಹತ್ತಿರ ಹೋದೆ. ಮುನಿಯಮ್ಮ ಅಂತ. ಮಾಲೂರಿನಲ್ಲಿ ಬಸ್ಸಿಳಿದು ಆಟೋದಲ್ಲಿ ಹೋಗಬೇಕು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. ಇವರು ಕೈ ಮುಗಿದು ಹೇಳಬೇಕಾದ್ದನ್ನು ಹೇಳಿದರು. ಅವಳು ಪೂರ್ತಿ ಕೇಳಿದಳು. "ನಾನು ಆವಾಗ್ಲೇ ಹಾಸ್ಟೆಲ್ ಬಾಗ್ಲಲ್ಲಿ ನಿಂತು ಇದನ್ನೇ ಕೂಗ್ದೆ ಸ್ವಾಮಿ. ಹೆಣ ಕೊಟ್ಟು ಗೇಟ್ ಹಾಕ್ಕೊಂಡ್ರು" ಅಂದಳು. ಕ್ಷಮಿಸಿದೆ ಅನ್ನಲಿಲ್ಲ, ನಾವೂ ಕೇಳಲಿಲ್ಲ. ಹೊರಡುವಾಗ, "ಆ ಲೆಕ್ಕದ ಟೀಚರಮ್ಮ ಹೆಂಗವ್ರೆ? ಪ್ರತಿ ವರ್ಷ ಬತ್ತಾರೆ, ಮಗೀನ ಸಮಾಧಿಗೆ ಹೂ ಇಕ್ಕಿ ಹೋಯ್ತಾರೆ" ಅಂದಳು. ನಮ್ಮ ಸುಚಿ! ನನಗೂ ಹೇಳಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಇವರು ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದರು, ಏನೋ ಕಾಣಿಸುತ್ತಿರುವವರ ಹಾಗೆ.

ಮೊನ್ನೆ ಭಾನುವಾರ ಸುಚಿ ಮನೆಗೆ ಬಂದಳು ಆಂಡಾಳು. ಇವರೇ ಫೋನು ಮಾಡಿದ್ದರು. ನಂಬರು ನನ್ನಿಂದ ಒತ್ತಿಸಿಕೊಂಡು, "ನಾನು ಅಪ್ಪ" ಅಂದರು. ಆ ಕಡೆಯಿಂದ ಅವಳೇ "ಭಾನುವಾರ ಬರ್ತೀನಿ" ಅಂದಳಂತೆ. ಬಂದಳು. ನೀನು ನೋಡಿದಾಗಿಗಿಂತ ಸಣ್ಣಗಾಗಿದ್ದಾಳೆ, ಅಪ್ಪನದೇ ಮೂಗು ಈಗ ಇನ್ನೂ ಎದ್ದು ಕಾಣುತ್ತದೆ. ಇವರು ಎದ್ದು ನಿಂತು ಕೈ ಚಾಚಿದರು, ಎಲ್ಲಿದ್ದಾಳೆ ಅಂತ ತಿಳಿಯದೆ ತಪ್ಪು ಕಡೆಗೆ ಚಾಚಿದ್ದರು. ಅವಳು ನಡೆದು ಬಂದು ಆ ಕಡೆಗೇ ನಿಂತಳು. ಹಿಂದಿನ ರೂಮಿಗೆ ಹೋಗಿ ಅತ್ತೆಯನ್ನೂ ಊಟಕ್ಕೆ ಎಬ್ಬಿಸಿಕೊಂಡು ಬಂದಳು. ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಉಂಡರು, ಅದು ನನಗೆ ಸಾಕು.

ಬೇಸಿಗೆ ರಜಕ್ಕೆ ನೀನು ಬಂದೇ ಬರಬೇಕು. ಮಾವಿನಕಾಯಿ ಚಿತ್ರಾನ್ನ ಮಾಡಿಹಾಕುತ್ತೇನೆ. ನಿನಗೂ ನಿಮ್ಮ ಮನೆಯವರಿಗೂ ದೇವರು ಆರೋಗ್ಯ ಕೊಡಲಿ, ನಿನ್ನ ಮನೆಯ ದೀಪ ಸದಾ ಬೆಳಗಲಿ. ನಾನು ಗಟ್ಟಿಯಾಗಿದ್ದೇನೆ, ಯೋಚನೆ ಮಾಡಬೇಡ.

ನಿನ್ನ ಅದೇ ಹಠಮಾರಿ,
ಕೃಪಾವತಿ

ಮರೆತೆ ಅಂತ ಬರೆಯುತ್ತಿದ್ದೇನೆ, ಮರೆತಿಲ್ಲ. ಮೇಲೆ ಬರೆಯಲು ಆಗಲಿಲ್ಲ. ಅವತ್ತು ಊಟಕ್ಕೆ ಮುಂಚೆ ಎಂದಿನ ಹಾಗೆ ಪ್ರಾರ್ಥನೆಗೆ ಚಾಪೆ ಹಾಕಿದೆ. ಸುಚಿ ನನ್ನನ್ನು ಅಡುಗೆಮನೆಗೆ ಕರೆದು, "ಅಮ್ಮಾ, ನಾನು ಕೂರಲ್ಲ. ಊಟಕ್ಕೆ ಬರ್ತೀನಿ, ಯಾವಾಗ ಕರೆದ್ರೂ ಬರ್ತೀನಿ. ಇದಕ್ಕೆ ಮಾತ್ರ ಕರೀಬೇಡ. ಅವತ್ತು ಎಲ್ಲರ ಮಧ್ಯೆ ಒಬ್ಬಳೇ ನಿಂತಿದ್ದಾಗಲೇ ಅದು ನನ್ನೊಳಗೆ ನಿಂತುಹೋಯ್ತು. ಎಷ್ಟು ಪ್ರಯತ್ನ ಪಟ್ಟರೂ ಪ್ರಾರ್ಥನೆ ಬರಲ್ಲಮ್ಮಾ" ಅಂದಳು. ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೆನ್ನೆ ಸವರಿ ಹೇಳಿದಳು. ಹೇಳಿ ಜಗುಲಿಗೆ ಹೋಗಿ ಕಂಬಕ್ಕೆ ಒರಗಿ ನಿಂತಳು. ಎಳೆಯ ಮಗುವಾಗಿದ್ದಾಗ ಚಾಪೆ ಹಾಸುವ ಮುಂಚೆಯೇ ಬಂದು ಕೂರುತ್ತಿದ್ದವಳು. ಇವರು, "ಸುಚಿ ಕೂತಿದಾಳಾ?" ಅಂತ ಕೇಳಿದರು. "ಕೂತಿದಾಳೆ" ಅಂದೆ. ಕಣ್ಣಿಲ್ಲದ ಮನುಷ್ಯನಿಗೆ, ದೇವರ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಳ್ಳು ಹೇಳಿದೆ. ಅವರು ಜಗುಲಿಯ ಕಡೆಗೆ ಕಿವಿ ತಿರುಗಿಸಿದರು. ಆಮೇಲೆ ಮೆಲ್ಲಗೆ, "ಜಗುಲಿ ಬಾಗಿಲು ಹಾಕಬೇಡ ಕೃಪಾ. ಹಾಗೇ ಇರಲಿ, ಓದು" ಅಂದರು.